ರಂಪೈಯ ಕೊಳೆತ ಬೆಕ್ಕು

ಬ್ಯಾಂಕಾಕಿನ ಕೆಂಪು ಬಸ್ಸುಗಳಲ್ಲಿ ಏಸಿ ಇರುವುದಿಲ್ಲ. ಕಿಟಕಿಗಳೆಲ್ಲ ತೆರೆದೇ ಇರುತ್ತವೆ, ಚಾವಣಿಯ ಫ್ಯಾನುಗಳು ಬಿಸಿಗಾಳಿಯನ್ನೇ ಅತ್ತಿಂದಿತ್ತ ಹೊರಳಿಸುತ್ತಿರುತ್ತವೆ. ಅಂಥ ಒಂದು ಬಸ್ಸಿನಲ್ಲಿ ರಂಪೈ ಕಂಡಕ್ಟರಾಗಿದ್ದಳು. ಅವಳ ಕೈಯಲ್ಲಿ ಟಿಕೆಟ್ ಇಡುವ ಉದ್ದನೆಯ ತಗಡಿನ ಕೊಳವೆ. ಅದರ ಮುಚ್ಚಳವನ್ನು ಟಕಟಕ ಬಡಿಯುತ್ತ ಅವಳು ಬರುತ್ತಿದ್ದರೆ ನಿದ್ದೆ ಬಂದವರಂತೆ ನಟಿಸುವವರೂ ಕಣ್ಣು ಬಿಡಲೇಬೇಕಿತ್ತು. ಹೆಗಲಿಗೆ ಒಂದು ಬಟ್ಟೆಯ ಚೀಲ. ಆ ಚೀಲದ ಬಾಯಿಂದ ಒಂದು ತಲೆ ಹೊರಗೆ ಇಣುಕುತ್ತಿರುತ್ತಿತ್ತು.

"ಅಕ್ಕಾ, ನಿಮ್ಮ ಚೀಲದಲ್ಲಿ ಇಲಿ ಸತ್ತಿದೆ," ಎಂದ ಒಂದು ದಿನ ಒಬ್ಬ ಹುಡುಗ, ಮೂಗು ಹಿಡಿದುಕೊಂಡು.

"ಇಲಿ ಅಲ್ಲಪ್ಪ, ಬೆಕ್ಕು. ಸತ್ತಿಲ್ಲ, ಚೆನ್ನಾಗಿದೆ. ಟಿಕೇಟೂ ತಗೊಂಡಿದೆ. ನೀನು ತಗೊಂಡ್ಯಾ?"

ಬಸ್ಸಿನವರೆಲ್ಲ ನಕ್ಕರು. ಹುಡುಗ ಜೇಬು ತಡಕಿದ. ನಲವತ್ತು ದಾಟಿದ ಹೆಂಗಸು ಗೊಂಬೆ ಹೊತ್ತು ತಿರುಗುತ್ತಾಳಲ್ಲ ಎಂದು ಯಾರಾದರೂ ಕೆಣಕಿದರೆ ರಂಪೈಯ ಹತ್ತಿರ ಉತ್ತರ ಸಿದ್ಧವಾಗಿಯೇ ಇರುತ್ತಿತ್ತು. ಚಿಕ್ಕಂದಿನಿಂದಲೂ ಅದೊಂದೇ ವಿಷಯಕ್ಕೆ ಉತ್ತರ ಕೊಟ್ಟೂ ಕೊಟ್ಟೂ ಅವಳ ನಾಲಿಗೆ ಪಳಗಿತ್ತು.

ಬೆಕ್ಕಿನ ಹೆಸರು ಸೊಮ್. ಅಲ್ಲಿನ ಮಾತಿನಲ್ಲಿ ಹಾಗೆಂದರೆ ಕಿತ್ತಳೆ. ಬಂದಾಗ ಅದರ ಬಣ್ಣ ಕಿತ್ತಳೆಯಾಗಿದ್ದಿರಬೇಕು. ಈಗ ಅದಕ್ಕೆ ನೆಲ ಒರೆಸಿ ಒಣಗಿಹಾಕಿದ ಬಟ್ಟೆಯ ಬಣ್ಣ. ಬಲಗಣ್ಣಿನ ಜಾಗದಲ್ಲಿ ಕಪ್ಪು ದಾರದ ಎಳೆಗಳು ಮಾತ್ರ. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದು ಸವೆದು ಮೊಂಡಾಗಿತ್ತು. ಬಾಲವನ್ನು ಮಗುವಾಗಿದ್ದಾಗ ಚೀಪಿ ಚೀಪಿ ಮೊಳೆಯ ಹಾಗೆ ಗಟ್ಟಿ ಮಾಡಿದ್ದಳು. ಹೊಟ್ಟೆ ಒಡೆದು ಬೂರುಗದ ಹತ್ತಿ ಈಚೆ ಬಂದಾಗ ಕೈಗೆ ಸಿಕ್ಕ ಹಸಿರು ದಾರದಿಂದ ಹೊಲಿದಿದ್ದಳು. ರಾತ್ರಿ ಮಲಗುವಾಗ ಆ ಮೊಂಡು ಕಿವಿಯನ್ನು ಮೂಗಿನ ಕೆಳಗೆ ಉಜ್ಜಿಕೊಂಡರೆ ಮಾತ್ರ ಅವಳಿಗೆ ನಿದ್ದೆ.

ಇಂಥ ಗೊಂಬೆಗಳಿಗೆ ಆ ಊರಿನಲ್ಲಿ 'ಕೊಳೆತ ಗೊಂಬೆ' ಎಂದೇ ಹೆಸರು. ಅದು ಬೈಗುಳವಲ್ಲ, ಮುದ್ದಿನ ಮಾತು. ಬ್ಯಾಂಕಿನ ಮ್ಯಾನೇಜರನ ಮನೆಯಲ್ಲೂ ಒಂದು ಕೊಳೆತ ದಿಂಬು ಇರುತ್ತದೆ, ಮೀಸೆ ತಿರುವುವ ಪೊಲೀಸನ ಮನೆಯಲ್ಲೂ ಒಂದು ಕೊಳೆತ ಕರಡಿ ಇರುತ್ತದೆ. ಆದರೆ ಅವರೆಲ್ಲ ಅದನ್ನು ಹೊದಿಕೆಯ ಅಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ರಂಪೈ ಹೆಗಲ ಮೇಲೆ ಇಟ್ಟುಕೊಂಡಿದ್ದಳು. ಜಗಳವೆಲ್ಲ ಹುಟ್ಟಿದ್ದು ಅಲ್ಲಿಂದ.

ಮೊದಲು ಅವಳೂ ಮನೆಯಲ್ಲೇ ಬಿಟ್ಟು ಬರುತ್ತಿದ್ದಳು. ಬಾಡಿಗೆ ಕೋಣೆಯ ಒಡತಿ ಸೊಳ್ಳೆ ಔಷಧಿ ಹೊಡೆಯಲು ಬಂದವಳು ಬೆಕ್ಕನ್ನು ಕಂಡು, ಇದೇನು ಹೊಲಸು ಎಂದು ಕಸದ ಡಬ್ಬಕ್ಕೆ ಹಾಕಿದಳು. ಆ ಸಂಜೆ ಓಣಿಯವರೆಲ್ಲ ನೋಡುತ್ತಿರುವಂತೆ ರಂಪೈ ಡಬ್ಬವನ್ನು ರಸ್ತೆಯ ಮೇಲೆ ಬೋರಲು ಹಾಕಿ, ಸೀಗಡಿ ಸಿಪ್ಪೆಯ ನಡುವಿನಿಂದ ಸೊಮ್‌ನನ್ನು ಎತ್ತಿಕೊಂಡಳು. ಆಮೇಲೆ ಕಸವನ್ನೆಲ್ಲ ತಾನೇ ಗುಡಿಸಿದಳು. ಮಾರನೆಯ ದಿನದಿಂದ ಬೆಕ್ಕು ಬಸ್ಸು ಹತ್ತಿತು.

ಅದಕ್ಕೂ ಮೊದಲು, ಅವಳು ಹುಡುಗಿಯಾಗಿದ್ದಾಗ, ಅವಳ ಅಮ್ಮನೇ ಅದನ್ನು ಮನೆಯ ಹಿಂದಿನ ಕಾಲುವೆಗೆ ಎಸೆದಿದ್ದಳು. ರಂಪೈ ಬಟ್ಟೆಯ ಸಮೇತ ನೀರಿಗೆ ಹಾರಿದಳು. ಈಜು ಬರುತ್ತಿರಲಿಲ್ಲ. ದೋಣಿಯಲ್ಲಿ ಬಾಳೆಹಣ್ಣು ಮಾರುವವಳು ಇಬ್ಬರನ್ನೂ ಮೇಲಕ್ಕೆ ಎಳೆದು ಹಾಕಿದಳು. ಆಮೇಲೆ ಅಮ್ಮನಿಂದ ಬಿದ್ದ ಏಟಿಗೂ ರಂಪೈ ಅಳಲಿಲ್ಲ. ಬೆಕ್ಕನ್ನು ಹಿಂಡುತ್ತ, "ಇನ್ನೊಂದ್ಸಲ ಎಸಿ ನೋಡೋಣ," ಎಂದು ಅಮ್ಮನ ಮುಂದೆ ನಿಂತಳು. ಅವಳು ಕಂಡಕ್ಟರಾದ ಮೇಲೆ, ದೊಡ್ಡ ನೆರೆ ಬಂದ ವರ್ಷ, ಓಣಿಯವರು ಟಿವಿ, ಅಕ್ಕಿ ಮೂಟೆ ಹೊತ್ತು ಎದೆಮಟ್ಟದ ನೀರಿನಲ್ಲಿ ನಡೆದರು. ರಂಪೈಯ ತಲೆಯ ಮೇಲೆ ಇದ್ದದ್ದು ಬೆಕ್ಕು ಮತ್ತು ಟಿಕೆಟ್ ಕೊಳವೆ.

ಅವಳ ಬಸ್ಸಿನ ಡ್ರೈವರು ಚಮ್ನಾನ್. ವಯಸ್ಸಾದವನು, ಅವಳು ಮಾಮ ಎಂದು ಕರೆಯುತ್ತಿದ್ದಳು. ಅವನ ಹೆಂಡತಿ ಪಿಕುನ್ ಡಿಪೋದ ಬಾಗಿಲಲ್ಲಿ ಗಾಡಿ ಇಟ್ಟುಕೊಂಡು ಐಸ್ ಕಾಫಿ ಮಾರುತ್ತಿದ್ದಳು. ಬಸ್ಸು ಡಿಪೋಗೆ ಬಂದಾಗಲೆಲ್ಲ ಒಂದು ಪ್ಲಾಸ್ಟಿಕ್ ಚೀಲ ಕಾಫಿಯನ್ನೂ ಒಂದಿಷ್ಟು ಬೈಗುಳವನ್ನೂ ಡ್ರೈವರನ ಕಿಟಕಿಯಿಂದ ಒಳಗೆ ತೂರಿಸುವಳು.

"ಸಕ್ಕರೆ ಕಮ್ಮಿ ಹಾಕಿದ್ದೀನಿ. ಸಾಯೋದಾದ್ರೆ ನಿಧಾನವಾಗಿ ಸಾಯಿ."

"ನಿನ್ನ ಕಾಫಿ ಕುಡಿದೂ ಇಷ್ಟು ವರ್ಷ ಬದುಕಿದ್ದೀನಲ್ಲ, ನನ್ನದು ಗಟ್ಟಿ ಪಿಂಡ."

ಅವರ ಜಗಳವಿಲ್ಲದೆ ಡಿಪೋದಲ್ಲಿ ಬಸ್ಸು ಹೊರಡುತ್ತಿರಲಿಲ್ಲ.

ರಂಪೈ ಮದುವೆಯಾಗಲು ಒಪ್ಪಿದ್ದು ವಿರೋತ್ ಎಂಬುವವನನ್ನು. ಅವಳ ಓಣಿಯ ಕೊನೆಯಲ್ಲಿ ಅವನದೊಂದು ಬಟ್ಟೆ ತೊಳೆದು ಇಸ್ತ್ರಿ ಮಾಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮಾತು ಕಡಿಮೆ, ಕೈ ಚುರುಕು. ಅವಳ ಯೂನಿಫಾರ್ಮಿನ ಅಂಗಿಯಲ್ಲಿ ಗುಂಡಿ ಸಡಿಲವಾಗಿದ್ದರೆ ಹೇಳದೆಯೇ ಬಿಗಿಮಾಡಿ ಕೊಡುತ್ತಿದ್ದ. ಒಂದು ಮಧ್ಯಾಹ್ನ ಅವಳು ಬಟ್ಟೆ ಎಣಿಸಲು ಚೀಲವನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟಳು. ಸೊಮ್ ಉರುಳಿ ಬಿತ್ತು. ಎಲ್ಲರೂ ಮೂಗು ಮುಚ್ಚುವ ಹೊತ್ತು ಅದು. ವಿರೋತ್ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಆಚೆ ಸರಿಸಿದ, ಬೆಕ್ಕಿಗೆ ತಗಲಬಾರದೆಂದು. ಅಷ್ಟೇ. ರಂಪೈ ಅಂದು ಬಟ್ಟೆಯ ಲೆಕ್ಕ ತಪ್ಪಿದಳು.

ವಿರೋತ್‌ನನ್ನು ಸಾಕಿ ಬೆಳೆಸಿದವಳು ಅವನ ದೊಡ್ಡಮ್ಮ ಚವೀವನ್. ನೇರ ಬೆನ್ನಿನ ಹೆಂಗಸು, ಮಾತಿಗೆ ಮೊದಲು ಒಳ್ಳೆಯ ಶಕುನ ನೋಡುವವಳು. ಅವಳೂ ಅವಳ ಗಂಡನೂ ಕೂಡಿ ಬಾಳಿದ್ದು ಓಣಿಗೇ ಮಾದರಿ. ಹೀಗಾಗಿ ಯಾರ ಮನೆಯಲ್ಲಿ ಮದುವೆಯಾದರೂ ಹಾಸಿಗೆ ಹಾಸುವ ಶಾಸ್ತ್ರಕ್ಕೆ ಅವರಿಬ್ಬರಿಗೇ ಕರೆ. ಮದುವೆಯ ಸಂಜೆ ಹಿರಿಯ ದಂಪತಿ ಹೊಸ ಹಾಸಿಗೆ ಹಾಸಿ, ಮಂಗಳ ವಸ್ತುಗಳನ್ನು ಅದರ ಮೇಲಿಟ್ಟು, ತಾವೇ ಮೊದಲು ಮಲಗಿ ಎದ್ದು, ಒಳ್ಳೆಯ ಕನಸು ಬಿತ್ತೆಂದು ಹೇಳಿದ ಮೇಲೆಯೇ ಮದುಮಕ್ಕಳು ಕೋಣೆಗೆ ಬರಬೇಕು.

ಮದುವೆಯ ಮಾತುಕತೆಗೆ ಬಂದಾಗ ಚವೀವನ್ ಆ ವಸ್ತುಗಳನ್ನು ಬೆರಳು ಮಡಿಸುತ್ತ ಹೇಳಿದಳು. "ಬೂದುಗುಂಬಳ, ಬಾಳು ತಂಪಾಗಿರಲಿ ಅಂತ. ಅರೆಯೋ ಕಲ್ಲು, ಮನಸ್ಸು ಗಟ್ಟಿ ಇರಲಿ ಅಂತ. ಅಕ್ಕಿ, ಎಳ್ಳು. ಆಮೇಲೆ ಬೆಕ್ಕು, ಮನೆ ಬಿಟ್ಟು ಹೋಗದಿರಲಿ ಅಂತ. ಜೀವ ಇರೋ ಬೆಕ್ಕು ಓಡಿಹೋಗುತ್ತೆ. ಅದಕ್ಕೆ ಪಿಂಗಾಣಿದೊಂದು ತರ್ತೀನಿ. ಬೆಳ್ಳಗಿರುತ್ತೆ, ಕೊರಳಲ್ಲಿ ಗಂಟೆ ಇರುತ್ತೆ."

"ತರೋದು ಬೇಡ ದೊಡ್ಡಮ್ಮ," ಎಂದಳು ರಂಪೈ, ಚೀಲವನ್ನು ಮಡಿಲಿಗೆ ಎಳೆದುಕೊಂಡು. "ನನ್ನ ಹತ್ರ ಇದೆ."

ಚವೀವನ್ ಸೊಮ್‌ನನ್ನು ನೋಡಿದಳು. ಆಮೇಲೆ ಗೋಡೆ ನೋಡಿದಳು. "ಅದಾ?"

"ಇದೇ."

"ನೋಡು ಮಗಳೇ, ಆ ಥರದ ಗೊಂಬೆಗೆ ಜನ ಒಂದು ಹೆಸರು ಹೇಳ್ತಾರೆ. ಆ ಪದ ನನ್ನ ಬಾಯಲ್ಲಿ ಬರಲ್ಲ. ಮದುವೆ ಮನೇಲಿ ಅಂಥ ಪದ ಆಡಬಾರದು. ಪದವೇ ಆಡಬಾರದು ಅಂದ್ಮೇಲೆ ವಸ್ತು ಹಾಸಿಗೆ ಮೇಲೆ ಇಡೋದುಂಟಾ? ಸಂಸಾರಾನೂ ಹಾಗೇ ಆಗ್ಬೇಕಾ?"

"ನಾನು ಇಷ್ಟು ವರ್ಷ ಇದರ ಜೊತೆ ಮಲಗಿದ್ದೀನಿ ದೊಡ್ಡಮ್ಮ. ನಾನೇನು ಹಾಗಾಗಿದ್ದೀನಾ?"

ವಿರೋತ್‌ನ ದೊಡ್ಡಪ್ಪನಿಗೆ ಕೆಮ್ಮು ಬಂತು. ವಿರೋತ್ ನೆಲ ನೋಡುತ್ತಿದ್ದ. ಅಂದಿನ ಮಾತು ಅಲ್ಲಿಗೇ ನಿಂತಿತು.

ಮರುದಿನ ಅಂಗಡಿಯಲ್ಲಿ ವಿರೋತ್ ಮೆಲ್ಲಗೆ ಒಂದು ದಾರಿ ತೋರಿಸಿದ. "ನಿಮ್ಮಮ್ಮ ಹೊಲಿದು ಕೊಟ್ಟಿದ್ದು ಅಂತ ಹೇಳ್ಬಿಡು. ತೀರಿಕೊಂಡ ತಾಯಿಯ ನೆನಪು ಅಂದ್ರೆ ದೊಡ್ಡಮ್ಮ ಕರಗ್ತಾರೆ."

"ನಮ್ಮಮ್ಮ ಹೊಲಿದಿಲ್ಲ. ಬಟ್ಟೆ ಸೋಪಿನ ಪುಡಿ ಜೊತೆ ಪುಕ್ಕಟೆ ಬಂದಿದ್ದು. ನಮ್ಮಮ್ಮ ಇದನ್ನ ಕಾಲುವೆಗೆ ಎಸೆದಳು."

"ಗೊತ್ತು. ಆದ್ರೂ..."

"ಆದ್ರೂ ಇಲ್ಲ, ಗೀದ್ರೂ ಇಲ್ಲ. ಸತ್ತೋರ ಹೆಸರು ಹೇಳಿದ್ರೆ ಇದಕ್ಕೆ ಮರ್ಯಾದೆ, ಇಲ್ಲದಿದ್ರೆ ಕಸ, ಅಲ್ವಾ? ಇದು ಯಾರ ನೆನಪೂ ಅಲ್ಲ ವಿರೋತ್. ಇದು ಸೊಮ್. ನನಗೆ ಇದು ಬೇಕು. ಅಷ್ಟೇ ಕಾರಣ. ಅದು ಸಾಲ್ದು ಅನ್ನೋರಿಗೆ ಇನ್ನೊಂದು ಕಾರಣ ನಾನ್ಯಾಕೆ ಹುಟ್ಟಿಸ್ಲಿ?"

ವಿರೋತ್ ತಲೆಯಾಡಿಸಿದ. ಅವನು ಒಪ್ಪಿಕೊಂಡನೆಂದು ಅವಳು ತಿಳಿದಳು. ಅವನು ಯೋಚಿಸುತ್ತಿದ್ದ.

ಮದುವೆ ಹತ್ತಿರ ಬಂತು. ರಂಪೈ ಬಾಡಿಗೆ ಕೋಣೆ ಖಾಲಿ ಮಾಡಿ ಸಾಮಾನನ್ನೆಲ್ಲ ಅಂಗಡಿಯ ಮಹಡಿಗೆ ಸಾಗಿಸಿದಳು. ಸಾಮಾನು ಸಾಗಿಸಿದ ಮಾರನೆಯ ಬೆಳಿಗ್ಗೆ, ಕೆಲಸಕ್ಕೆ ಹೊರಟಾಗ, ಬಹಳ ವರ್ಷಗಳ ಮೇಲೆ ಮೊದಲ ಸಲ ಚೀಲದಿಂದ ಸೊಮ್‌ನನ್ನು ತೆಗೆದು ಹೊಸ ಮನೆಯ ಕಿಟಕಿಯ ಬಳಿ ಕೂರಿಸಿದಳು. ಇಲ್ಲಿ ಒಡತಿಯಿಲ್ಲ, ಔಷಧಿ ಹೊಡೆಯುವವರಿಲ್ಲ. ಇಲ್ಲಿ ಇಸ್ತ್ರಿಪೆಟ್ಟಿಗೆ ಸರಿಸಿದವನಿದ್ದಾನೆ.

ಸಂಜೆ ಅವಳು ಬಂದಾಗ ಅಂಗಡಿಯ ಮುಂದಿನ ಹಗ್ಗದಲ್ಲಿ ಬಿಳಿ ಅಂಗಿಗಳು ಸಾಲಾಗಿ ನೇತಾಡುತ್ತಿದ್ದವು. ಅವುಗಳ ನಡುವೆ ಒಂದು ಪುಟ್ಟ ಗೊಂಬೆ, ಹೊಟ್ಟೆಗೆ ಕ್ಲಿಪ್ ಹಾಕಿದ್ದು. ತಿಳಿ ಕಿತ್ತಳೆ ಬಣ್ಣ, ಎರಡು ಕಣ್ಣು.

"ಇದ್ಯಾರ ಮನೆ ಮಗುವಿನದು?" ಎಂದು ಕೇಳಿದಳು ರಂಪೈ. ನಿಜವಾಗಿಯೂ ಕೇಳಿದಳು.

ವಿರೋತ್ ಮೇಜಿನ ಹಿಂದಿನಿಂದ ಬಂದ. ಅವನ ಮುಖ ಊರಗಲವಾಗಿತ್ತು. "ಗುರುತೇ ಸಿಗಲಿಲ್ವಾ?"

ಅವಳ ಕಣ್ಣು ಗೊಂಬೆಯ ಹೊಟ್ಟೆಗೆ ಹೋಯಿತು. ಹಸಿರು ದಾರದ ಹೊಲಿಗೆ.

"ಕೈಯಲ್ಲೇ ತೊಳೆದೆ, ಮೆಷಿನ್‌ಗೆ ಹಾಕಲಿಲ್ಲ," ಎಂದು ಅವನು ಹೇಳುತ್ತಲೇ ಹೋದ. "ಏಳು ನೀರು ಬದಲಾಯಿಸ್ದೆ. ಮೊದಲು ಕಪ್ಪು, ಆಮೇಲೆ ಕಂದು, ಕೊನೆಗೆ ನೋಡು, ಕಿತ್ತಳೆ! ಒಳಗೇ ಇತ್ತು ಪಾಪ. ಕಣ್ಣಿಗೆ ಅಂಗಿ ಗುಂಡಿ ಹಾಕಿದೆ. ದೊಡ್ಡಮ್ಮನೂ ನೋಡಿದ್ರು. ಈಗ ಹಾಸಿಗೆ ಮೇಲೆ ಇಡಬಹುದಂತೆ. ನಿಮ್ಮಿಬ್ಬರಿಗೂ ಸಮಾಧಾನ ಆಗ್ಲಿ ಅಂತ..."

ರಂಪೈ ಕ್ಲಿಪ್ ತೆಗೆದಳು. ಮೊಂಡು ಕಿವಿಯನ್ನು ಮೂಗಿನ ಕೆಳಗೆ ಹಿಡಿದಳು. ಹೂವಿನ ವಾಸನೆ. ಅಂಗಡಿಯ ಎಲ್ಲ ಅಂಗಿಗಳಿಗೂ ಬರುವ, ಬಾಟಲಿಯಲ್ಲಿ ಸಿಗುವ ಹೂವಿನ ವಾಸನೆ. ಇನ್ನೊಮ್ಮೆ ಉಸಿರೆಳೆದಳು. ಕಾಲುವೆ ಇರಲಿಲ್ಲ. ಬಸ್ಸಿನ ಹೊಗೆ ಇರಲಿಲ್ಲ. ಜ್ವರ ಬಂದು ಮಲಗಿದ ರಾತ್ರಿಗಳ ಬೆವರು, ಬಾಯಿಯ ಜೊಲ್ಲು, ತಲೆಗೆ ಹಚ್ಚಿದ ಎಣ್ಣೆ, ಯಾವುದೂ ಇರಲಿಲ್ಲ. ಎಲ್ಲವೂ ಅಂಗಡಿಯ ಮುಂದಿನ ಚರಂಡಿಗೆ ಹೋಗಿತ್ತು.

ಅವಳು ಕೂಗಾಡಲಿಲ್ಲ. ವಿರೋತ್‌ಗೆ ಭಯವಾದದ್ದು ಅದಕ್ಕೇ. ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಹೊಸ ಕಣ್ಣನ್ನು ಕತ್ತರಿಸಿ, ಗುಂಡಿಯನ್ನು ಅವನ ಅಂಗೈಯಲ್ಲಿ ಇಟ್ಟಳು.

"ಇದು ನಿಂದು. ಯಾರದ್ದಾದ್ರೂ ಅಂಗಿಗೆ ಹಾಕು."

"ರಂಪೈ, ನಾನು ಒಳ್ಳೇದಕ್ಕೆ..."

"ನಮ್ಮಮ್ಮನೂ ಒಳ್ಳೇದಕ್ಕೇ ಎಸೆದದ್ದು. ಆ ಒಡತಿನೂ ಒಳ್ಳೇದಕ್ಕೇ. ನೀನು ಅವರ ಥರ ಅಲ್ಲ ಅಂದ್ಕೊಂಡಿದ್ದೆ." ಅವಳು ಚೀಲ ಹೆಗಲಿಗೇರಿಸಿದಳು. "ಮದುವೆ ಇದೆಯೋ ಇಲ್ವೋ ನನಗೇ ಗೊತ್ತಿಲ್ಲ. ಗೊತ್ತಾದಾಗ ಹೇಳ್ತೀನಿ."

ಆ ರಾತ್ರಿ ಅವಳು ಚಮ್ನಾನ್ ಮಾಮನ ಮನೆಯಲ್ಲಿ ಮಲಗಿದಳು. ನಿದ್ದೆ ಹತ್ತಲಿಲ್ಲ. ಪಕ್ಕದ ಕೋಣೆಯಲ್ಲಿ ಗಂಡ ಹೆಂಡತಿ ಫ್ಯಾನು ಯಾರ ಕಡೆ ತಿರುಗಬೇಕೆಂದು ಜಗಳವಾಡುತ್ತಿದ್ದರು.

ಬೆಳಿಗ್ಗೆ ಬಸ್ಸು ನದಿಯ ಸೇತುವೆ ದಾಟಿದ ಮೇಲಿನ ಸ್ಟಾಪಿನಲ್ಲಿ ವಿರೋತ್ ಹತ್ತಿದ. ಇಸ್ತ್ರಿ ಮಾಡದ ಅಂಗಿ ತೊಟ್ಟಿದ್ದ. ಅವನನ್ನು ಹಾಗೆ ಅವಳು ನೋಡಿಯೇ ಇರಲಿಲ್ಲ. ಕೊಳವೆಯನ್ನು ಟಕಟಕ ಬಡಿಯುತ್ತ ಅವಳು ಅವನ ಮುಂದೆ ನಿಂತಳು.

"ಎಲ್ಲಿಗೆ?"

"ನೀನು ಇಳಿಯೋ ಕಡೆಗೆ."

"ನಾನು ಇಳಿಯಲ್ಲ. ಇದು ನನ್ನ ಬಸ್ಸು."

"ಹಾಗಾದ್ರೆ ಕೊನೇ ಸ್ಟಾಪಿಗೆ ಕೊಡು."

ಅವಳು ಟಿಕೆಟ್ ಹರಿದು ಕೊಟ್ಟು ಮುಂದೆ ಹೋದಳು. ಕೊನೆಯ ಸ್ಟಾಪಿನಲ್ಲಿ ಅವನು ಇಳಿಯಲಿಲ್ಲ. ಇನ್ನೊಂದು ಟಿಕೆಟ್ ತೆಗೆದುಕೊಂಡ. ವಾಪಸು ಬರುವಾಗ ಬಿಸಿಲೇರಿ ಬಸ್ಸು ಒಲೆಯಾಗಿತ್ತು. ಸಿಗ್ನಲ್‌ನಲ್ಲಿ ನಿಂತ ಗಾಡಿಗಳು ಜರುಗುವ ಲಕ್ಷಣವೇ ಇರಲಿಲ್ಲ.

"ತಪ್ಪಾಯ್ತು," ಎಂದ ವಿರೋತ್, ಅವಳು ಪಕ್ಕದಲ್ಲಿ ಹಾದುಹೋಗುವಾಗ. "ಕೊಳೆ ಕಂಡ್ರೆ ನನ್ನ ಕೈ ಸುಮ್ಮನಿರಲ್ಲ."

"ಅದು ಕೊಳೆಯಲ್ಲ. ನನ್ನ ವಯಸ್ಸು. ಅದನ್ನ ಬಕೆಟ್‌ನಲ್ಲಿ ಅದ್ದಿ ಅದ್ದಿ ಚೆಲ್ಲಿದೆಯಲ್ಲ, ಒಂದು ಮಾತು ಕೇಳಿದೆಯಾ ನನ್ನನ್ನ?"

"ಇಲ್ಲ."

"ಯಾಕೆ ಕೇಳಲಿಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ. ಅದಕ್ಕೆ."

ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಅಜ್ಜಿಯೊಬ್ಬಳು ತಿರುಗಿ ಕೂತಳು. "ನಿಜ ಹೇಳ್ದ ನೋಡು. ಏನಮ್ಮ ತೊಳೆದ ಇವನು?"

"ನನ್ನ ಕೊಳೆತ ಬೆಕ್ಕನ್ನ."

"ಅಯ್ಯೋ!" ಎಂದಳು ಅಜ್ಜಿ. ಅವಳಿಗೆ ಬೇರೆ ವಿವರಣೆ ಬೇಕಿರಲಿಲ್ಲ. "ನನ್ನ ಮೊಮ್ಮಗನ ಕೊಳೆತ ದಿಂಬು ತೊಳೆದಿದ್ದಕ್ಕೆ ವಾರಗಟ್ಟಲೆ ಮಾತು ಬಿಟ್ಟಿದ್ದ. ಅವನು ವಕೀಲ."

ವಿರೋತ್ ಎದ್ದು ನಿಂತ. ರಂಪೈಯ ಚೀಲದ ಕಡೆ ಕೈ ತೋರಿಸಿ, "ಕೊಡ್ತೀಯಾ?" ಎಂದು ಕೇಳಿದ. ಈ ಸಲ ಕೇಳಿದ. ಅವಳು ಅವನ ಮುಖವನ್ನೇ ನೋಡಿದಳು. ಕೊನೆಗೆ ಚೀಲವನ್ನು ಅವನ ಕಡೆಗೆ ತಿರುಗಿಸಿದಳು. ವಿರೋತ್ ಸೊಮ್‌ನನ್ನು ಹೊರಗೆ ತೆಗೆದು, ಬೆವರು ಇಳಿಯುತ್ತಿದ್ದ ತನ್ನ ಕತ್ತಿಗೆ ಒತ್ತಿ ಉಜ್ಜಿಕೊಂಡ. ಆಮೇಲೆ ಹಣೆಗೆ. ಆಮೇಲೆ ಅಂಗಿಯ ಒಳಗೆ ಕೈ ಹಾಕಿ ಕಂಕುಳಿಗೆ.

"ಥೂ! ತೊಳೆದು ಒಣಗಿಸಿದ್ದನ್ನ ಯಾಕಪ್ಪ ಹೊಲಸು ಮಾಡ್ತೀಯ?" ಎಂದ ಹಿಂದಿನ ಸೀಟಿನವನೊಬ್ಬ.

"ಹೊಲಸು ಮಾಡೋದಕ್ಕೇ ಅಣ್ಣ."

ರಂಪೈಗೆ ನಗು ಬಂತು. ಬರಬಾರದೆಂದು ತುಟಿ ಕಚ್ಚಿದಳು, ನಿಲ್ಲಲಿಲ್ಲ. "ಹಾಗೆ ಒಂದು ದಿನಕ್ಕೆ ಆಗೋ ಕೆಲಸ ಅಲ್ಲ ಅದು. ಬೆವರೊಂದೇ ಸಾಲ್ದು. ಜೊಲ್ಲು ಬೇಕು."

"ಸುರಿಸ್ತೀನಿ."

"ವರ್ಷಗಟ್ಟಲೆ."

"ನಾನೆಲ್ಲಿ ಹೋಗ್ತೀನಿ?"

ಮುಂದಿನಿಂದ ಚಮ್ನಾನ್ ಮಾಮ ಕನ್ನಡಿಯಲ್ಲಿ ನೋಡುತ್ತ ಕೂಗಿದ. "ಮದುವೆ ಇದೆಯೋ ಇಲ್ವೋ ಬೇಗ ಹೇಳಮ್ಮ! ನಾನು ಹೊಸ ಅಂಗಿ ಹೊಲಿಸಿದ್ದೀನಿ!"

"ಇದೆ ಮಾಮ. ಆದ್ರೆ ಒಂದು ಮಾತು." ಅವಳು ಕೊಳವೆಯ ತುದಿಯನ್ನು ವಿರೋತ್‌ನ ಎದೆಗೆ ಇಟ್ಟಳು. "ಹಾಸಿಗೆ ಮೇಲೆ ಇದೇ ಇರುತ್ತೆ. ಒಂದೇ ಕಣ್ಣಲ್ಲಿ, ಹೀಗೇ. ದೊಡ್ಡಮ್ಮನಿಗೆ ಹೇಳಬೇಕಾದೋನು ನೀನು."

ವಿರೋತ್‌ನ ಮುಖ ಅಂಗಡಿಯ ಅಂಗಿಗಳಷ್ಟೇ ಬೆಳ್ಳಗಾಯಿತು. ಆದರೂ ಹೂಂ ಎಂದ.

ಮದುವೆಯ ಬೆಳಿಗ್ಗೆ ಭಿಕ್ಷುಗಳು ಬಂದು ಪಠಿಸಿ ಹೋದರು. ಮದುಮಕ್ಕಳ ತಲೆಗೆ ಬಿಳಿ ದಾರ ಹಾಕಿ, ಹಿರಿಯರು ಶಂಖದಿಂದ ಕೈಮೇಲೆ ನೀರು ಹೊಯ್ದರು. ಚವೀವನ್ ನೀರು ಹೊಯ್ಯುವಾಗ ಒಳ್ಳೆಯ ಮಾತನ್ನೇ ಹೇಳಿದಳು. ಸಂಜೆ ಅವಳೂ ಅವಳ ಗಂಡನೂ ರೇಷ್ಮೆ ಉಟ್ಟು ಮಹಡಿಯ ಕೋಣೆಗೆ ಹೋದರು. ಡಿಪೋದವರೆಲ್ಲ ಬಾಗಿಲಲ್ಲಿ ಗುಂಪುಗಟ್ಟಿದರು. ಬೂದುಗುಂಬಳ ಇಟ್ಟಾಯಿತು. ಕಲ್ಲು, ಅಕ್ಕಿ, ಎಳ್ಳು ಇಟ್ಟಾಯಿತು. ಚವೀವನ್ ಕಾಗದ ಬಿಚ್ಚಿ, ಏನಕ್ಕೂ ಇರಲೆಂದು ತಂದಿದ್ದ ಪಿಂಗಾಣಿ ಬೆಕ್ಕನ್ನು ದಿಂಬಿನ ಪಕ್ಕ ಕೂರಿಸಿದಳು.

ಕರೆಯುವ ತನಕ ಮದುಮಗಳು ಹೊರಗೇ ಇರಬೇಕು. ರಂಪೈ ಜನರನ್ನು ಸರಿಸಿಕೊಂಡು, ಬಸ್ಸಿನಲ್ಲಿ ದಾರಿ ಮಾಡಿಕೊಳ್ಳುವ ಹಾಗೆ, ಒಳಗೆ ಬಂದಳು. ಸೊಮ್‌ನನ್ನು ಬೂದುಗುಂಬಳಕ್ಕೆ ಒರಗಿಸಿ ಕೂರಿಸಿದಳು. ಇಷ್ಟು ದಿನ ಬಸ್ಸಿನ ಹೊಗೆ ಕುಡಿದು ಅದರ ಕಿತ್ತಳೆ ಆಗಲೇ ಮಸುಕಾಗಿತ್ತು.

"ಕಣ್ಣು ಎಲ್ಲಿ?" ಎಂದಳು ಚವೀವನ್. "ತೊಳೆದು ಚೆಂದ ಮಾಡಿದ್ದನ್ನ ಮತ್ತೆ ಹೀಗೆ ಮಾಡಿದ್ದೀಯಲ್ಲ! ಬೆಳಗಿಂದ ಆ ಪದ ಬಾಯಿಗೆ ಬರಬಾರದು ಅಂತ ನಾಲಿಗೆ ಕಚ್ಚಿಕೊಂಡಿದ್ದೀನಿ ನಾನು. ತೆಗಿ ಮಗಳೇ."

"ದೊಡ್ಡಮ್ಮ, ಅದು ಇರಲಿ," ಎಂದಿತು ಬಾಗಿಲ ಬಳಿಯ ದನಿಯೊಂದು. ವಿರೋತ್. ಇಷ್ಟು ದಿನ ಹೇಳಲು ಧೈರ್ಯ ಸಾಲದೆ ಹೋಗಿದ್ದವನ ಕಿವಿ ಕೆಂಪಾಗಿತ್ತು. "ನಾನೂ ಹೇಳ್ತಿದ್ದೀನಿ. ಇರಲಿ."

ಚವೀವನ್ ತಾನು ಸಾಕಿದ ಮಗನನ್ನು ದಿಟ್ಟಿಸಿದಳು. ಅವನು ಅವಳಿಗೆ ಎದುರಾಡಿದ್ದು ಯಾರಿಗೂ ನೆನಪಿರಲಿಲ್ಲ.

"ದೊಡ್ಡಮ್ಮ, ಬೆಕ್ಕು ಯಾಕೆ ಇಡೋದು ಅಂತ ನೀವೇ ಹೇಳಿದ್ರಿ," ಎಂದಳು ರಂಪೈ. "ಮನೆ ಬಿಟ್ಟು ಹೋಗದಿರಲಿ ಅಂತ. ನಿಮ್ಮ ಬೆಕ್ಕು ಮೊನ್ನೆ ಅಂಗಡಿಯಿಂದ ಬಂತು. ಅದರ ಗುಣ ಯಾರಿಗೆ ಗೊತ್ತು? ಇದನ್ನ ಕಾಲುವೆಗೆ ಎಸೆದ್ರು, ವಾಪಸ್ ಬಂತು. ಕಸದ ಡಬ್ಬಕ್ಕೆ ಹಾಕಿದ್ರು, ಬಂತು. ಊರು ಮುಳುಗ್ತು, ಆಗಲೂ ಬಂತು. ನಿಮ್ಮ ಮಗ ಏಳು ನೀರಲ್ಲಿ ತೊಳೆದ, ನೋಡಿ, ಇಲ್ಲೇ ಕೂತಿದೆ. ಮನೆ ಬಿಡದ ಬೆಕ್ಕು ಇದಕ್ಕಿಂತ ಇನ್ನೊಂದು ಇದ್ರೆ ತೋರಿಸಿ, ನಾನೇ ತೆಗೀತೀನಿ."

ಬಾಗಿಲಲ್ಲಿ ಯಾರೋ ಶಿಳ್ಳೆ ಹಾಕಿದರು. ದೊಡ್ಡಪ್ಪ ಹೆಂಡತಿಯ ತೋಳು ಮುಟ್ಟಿ, "ಬಾರೆ, ಒಂದು ಗಳಿಗೆ ಮಲಗಿ ಎದ್ರಾಯ್ತು," ಎಂದ.

"ಆ ಹಾಸಿಗೆ ಮೇಲೆ ನಾನು ಬೆನ್ನು ಇಡಲ್ಲ," ಎಂದಳು ಚವೀವನ್. "ಅದಾದ್ರೂ ಇರಬೇಕು, ನಾನಾದ್ರೂ ಇರಬೇಕು."

ಹಾಸಿಗೆ ಹಾಸದೆ ಮದುವೆ ಮುಗಿಯುವುದಿಲ್ಲ. ಓಣಿಯಲ್ಲಿ ಆ ಶಾಸ್ತ್ರಕ್ಕೆ ಬೇರೆ ಜೋಡಿಯಿಲ್ಲ. ಚವೀವನ್‌ಗೆ ಅದು ಗೊತ್ತಿತ್ತು. ಎಲ್ಲರೂ ರಂಪೈಯ ಕೈ ಬೆಕ್ಕಿನ ಕಡೆ ಹೋಗುವುದನ್ನೇ ಕಾದರು. ರಂಪೈ ಬಾಗಿಲ ಕಡೆ ತಿರುಗಿದಳು.

"ಚಮ್ನಾನ್ ಮಾಮ, ಪಿಕುನ್ ಅತ್ತೆ, ಬನ್ನಿ. ನೀವು ಮಲಗಿ."

"ಅವರಾ?" ಎಂದು ಗುಂಪಿನಲ್ಲಿ ಎದ್ದ ಮಾತು ಮೆಟ್ಟಿಲ ಕೆಳಗಿನ ತನಕ ಹೋಯಿತು. "ಹಾಸಿಗೆ ಮೇಲೇ ಹೊಡೆದಾಡ್ತಾರೆ!"

"ಹೊಡೆದಾಡ್ಲಿ. ಇಬ್ಬರಲ್ಲಿ ಒಬ್ಬರಾದ್ರೂ ಬಿಟ್ಟು ಹೋಗಿದ್ದು ಕಂಡಿದ್ದೀರಾ?"

ಪಿಕುನ್ ಸೆರಗಿನಂತೆ ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡಳು. ಇಂಥ ಕೆಲಸಕ್ಕೆ ಅವಳನ್ನು ಯಾರೂ ಎಂದೂ ಕರೆದಿರಲಿಲ್ಲ. ಅವಳ ಕಣ್ಣು ಒದ್ದೆಯಾಗಿತ್ತು. ಅದನ್ನು ಮುಚ್ಚಲು ಗಂಡನನ್ನು ಬೈದಳು. "ಏನು ನೋಡ್ತಾ ನಿಂತಿದ್ದೀಯ? ಕಾಲು ತೊಳ್ಕೊಂಡಿದ್ದೀಯಾ?"

"ಬೆಕ್ಕಿಗಿಂತ ಚೆನ್ನಾಗಿ ತೊಳ್ಕೊಂಡಿದ್ದೀನಿ."

ಇಬ್ಬರೂ ಮಲಗಿದರು. ಚಮ್ನಾನ್ ಮಾಮನ ಹೊಸ ಅಂಗಿ ಚುರುಚುರು ಸದ್ದು ಮಾಡಿತು. ನಡುವೆ ಸೊಮ್. ಪಿಕುನ್ ಕಣ್ಣು ಮುಚ್ಚಿ, ಶಾಸ್ತ್ರದಂತೆ ತೆರೆದು, ಶಾಸ್ತ್ರದಂತೆ ಕೇಳಿದಳು. "ಏನ್ರೀ, ಕನಸು ಬಿತ್ತಾ?"

"ನೀನು ರೀ ಅಂದಾಗಲೇ ಇದು ಕನಸು ಅಂತ ಗೊತ್ತಾಯ್ತು."

ಕೋಣೆಯೆಲ್ಲ ನಗು. ಪಿಕುನ್ ಅವನ ಪಕ್ಕೆಗೆ ಮೊಣಕೈಯಿಂದ ತಿವಿದಳು. "ಸರಿಯಾಗಿ ಹೇಳು, ಶುಭದ ಮಾತು!"

ಮಾಮ ಚಾವಣಿ ನೋಡುತ್ತ ಯೋಚಿಸಿದ. ಅವನ ದನಿ ಸ್ವಲ್ಪ ಮೆತ್ತಗಾಯಿತು. "ಬಸ್ಸು ತುಂಬ ಜನ. ಸಿಗ್ನಲ್ ಎಲ್ಲ ಹಸಿರು. ಎಲ್ಲರೂ ತಾವಾಗೇ ಟಿಕೆಟ್ ತಗೊಂಡಿದ್ರು."

ಕಂಡಕ್ಟರುಗಳೆಲ್ಲ ಹೋ ಎಂದು ಕೈತಟ್ಟಿದರು. ಅದಕ್ಕಿಂತ ಮಂಗಳಕರವಾದ ಕನಸು ಡಿಪೋದಲ್ಲಿ ಯಾರಿಗೂ ಬಿದ್ದಿರಲಿಲ್ಲ. ಚವೀವನ್ ಪಿಂಗಾಣಿ ಬೆಕ್ಕನ್ನು ಕಾಗದದಲ್ಲಿ ಸುತ್ತಿಕೊಂಡು ಕೆಳಗೆ ಇಳಿದಳು. ಗಂಟೆ ಕಿಣಿಕಿಣಿ ಎನ್ನುತ್ತ ಹೋಯಿತು. ಊಟ ಮಾತ್ರ ಬಿಡಲಿಲ್ಲ, ಮುಖ ಊದಿಸಿಕೊಂಡೇ ಎರಡನೆಯ ಸಲವೂ ಬಡಿಸಿಕೊಂಡಳು.

ಆಮೇಲಿನ ದಿನಗಳಲ್ಲಿ ರಂಪೈ ಪ್ರತಿ ಬೆಳಿಗ್ಗೆ ಎದ್ದವಳೇ ಮೊಂಡು ಕಿವಿಯನ್ನು ಮೂಸಿ ನೋಡುವಳು. "ಇನ್ನೂ ಹೂವು," ಎನ್ನುವಳು, ಆಸ್ಪತ್ರೆಯಲ್ಲಿ ಜ್ವರ ನೋಡಿದವರ ಹಾಗೆ. ವಿರೋತ್ ತಪ್ಪಿತಸ್ಥನಂತೆ ಬೆಕ್ಕನ್ನು ಕೆನ್ನೆಯ ಅಡಿಗೆ ಎಳೆದುಕೊಂಡು ಇನ್ನೊಂದು ಗಳಿಗೆ ಮಲಗುವನು. ಸೆಕೆಗಾಲ ಬಂತು, ಫ್ಯಾನು ಇಟ್ಟರೂ ದಿಂಬು ತೋಯುತ್ತಿತ್ತು. ಮಳೆ ಬಂತು, ಒಣಹಾಕಿದ್ದು ಒಣಗಲಿಲ್ಲ. ಬೆಕ್ಕು ಹಗಲು ಬಸ್ಸಿನಲ್ಲಿ, ರಾತ್ರಿ ಇಬ್ಬರ ನಡುವೆ. ಒಂದು ದಿನ ಹೂವೂ ಇಲ್ಲ, ಬೇರೇನೂ ಇಲ್ಲ ಎಂಬಂತಾಯಿತು. ಅದು ಹಾಗೇ ಬಹಳ ಕಾಲ ನಿಂತಿತು. ರಂಪೈ ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಹೆದರಿದಳು. ಹಳೆಯ ವಾಸನೆ ಇನ್ನು ಬರುವುದೇ ಇಲ್ಲವೇನೋ ಎಂದುಕೊಂಡಳು. ಆದರೂ ಕಣ್ಣು ಹಾಕಿಸಲಿಲ್ಲ, ಚೀಲದಿಂದ ತೆಗೆಯಲಿಲ್ಲ, ಕೆಣಕಿದವರಿಗೆ ಉತ್ತರ ಕೊಡುವುದನ್ನು ಬಿಡಲಿಲ್ಲ.

ಮತ್ತೊಂದು ಮಳೆಗಾಲದ ಮಧ್ಯಾಹ್ನ, ರಂಪೈಗೆ ರಜೆ, ಮಹಡಿಯ ಮಂಚದ ಮೇಲೆ ಒರಗಿದ್ದಳು. ಚವೀವನ್ ಹೊದಿಕೆಗಳನ್ನು ತೊಳೆಯಲು ಕೊಟ್ಟು, ಮಂಡಿನೋವಿಗೆ ಒಂದು ಗಳಿಗೆ ಒರಗೋಣವೆಂದು ಮಹಡಿ ಹತ್ತಿದಳು. ಮದುವೆಯ ದಿನದ ಸಿಟ್ಟು ಆರಿರಲಿಲ್ಲ, ಮಂಡಿಗೆ ಅದು ಗೊತ್ತಿರಲಿಲ್ಲ. ಕೋಣೆಯ ಬಾಗಿಲಲ್ಲೇ ನಿಂತಳು. ಮೂಗು ಏರಿಸಿದಳು. ಕಿಟಕಿಯ ಕಡೆ, ಮಂಚದ ಅಡಿ, ಮತ್ತೆ ಗಾಳಿಯಲ್ಲಿ ಮೂಸಿ ನೋಡಿದಳು.

"ಏನೇ ಇದು ರಂಪೈ? ಇಲ್ಲೇನೋ ಕೊಳೆತಿದೆ!"

ಹೇಳಿದ ಮೇಲೆ ತನ್ನ ಬಾಯಿಂದ ಏನು ಬಂತೆಂದು ತಿಳಿದು, ಚವೀವನ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ರಂಪೈ ಮಂಚದಿಂದ ಹಾರಿದಳು. ದಿಂಬಿನ ಅಡಿಯಿಂದ ಸೊಮ್‌ನನ್ನು ಎಳೆದು ಮೂಗಿಗೆ ಒತ್ತಿಕೊಂಡಳು. ದಿನವೂ ಮೂಸುವ ಮೂಗಿಗೆ ತಿಳಿಯದೇ ಹೋಗಿತ್ತು. ಅವಳು ಮೆಟ್ಟಿಲ ತುದಿಗೆ ಓಡಿ, ಬಸ್ಸಿನ ಹಿಂದಿನ ಬಾಗಿಲಿಗೂ ಕೇಳಿಸುವ ದನಿಯಲ್ಲಿ ಕೂಗಿದಳು.

"ವಿರೋತ್! ಇಸ್ತ್ರಿ ಬಿಟ್ಟು ಮೇಲೆ ಬಾ! ಬೇಗ ಬಾ!"

ಆಮೇಲೆ ಬೆಕ್ಕನ್ನು ಎದೆಗವಚಿಕೊಂಡು ದೊಡ್ಡಮ್ಮನ ಕಡೆ ತಿರುಗಿದಳು.

"ಇನ್ನೊಂದ್ಸಲ ಹೇಳಿ ದೊಡ್ಡಮ್ಮ. ಅವನೂ ಕೇಳಲಿ."